ಕರೆಂಟ್ ಇಲ್ಲದ ಬಯಲಲ್ಲಿ 30 ಗಂಟೆ ವೈಫೈ: ಬ್ಯಾಟರಿ ಎಷ್ಟು ಬೇಕು, ಆಂಟೆನಾ ಎಲ್ಲಿ ನಿಲ್ಲಿಸಬೇಕು?

ಬಯಲುನೋಟ (ಪ್ರಶ್ನೆ)

ಜನವಸತಿಯಿಂದ ದೂರದ ಬಯಲೊಂದರಲ್ಲಿ ಎರಡು ದಿನದ ಓಟದ ಸ್ಪರ್ಧೆ ಇದೆ. ಮೊದಲ ದಿನ ಬೆಳಿಗ್ಗೆ 6ರಿಂದ ಮರುದಿನ ಮಧ್ಯಾಹ್ನ 12ರವರೆಗೆ, ಅಂದರೆ 30 ಗಂಟೆ ಇಂಟರ್ನೆಟ್ ನಿಲ್ಲದೆ ಬೇಕು. ಕರೆಂಟ್ ಇಲ್ಲ, ಜನರೇಟರ್ ತರುವ ಹಾಗಿಲ್ಲ. ಸುಮಾರು 200 ಜನ ಸೇರುತ್ತಾರೆ.

ಕಡ್ಡಾಯವಾಗಿ ನಡೆಯಬೇಕಾದದ್ದು ಇಷ್ಟು: ನೋಂದಣಿ ಮೇಜಿನ 4 ಟ್ಯಾಬ್, 3 ಕಾರ್ಡ್ ಮೆಷಿನ್, ಫಲಿತಾಂಶ ಹಾಕುವ ಒಂದು ಲ್ಯಾಪ್‌ಟಾಪ್, ಪ್ರಥಮ ಚಿಕಿತ್ಸೆಯ ಟೆಂಟಿನಿಂದ ವೈಫೈ ಕಾಲ್. ಬಂದವರಿಗೆಲ್ಲ ವೈಫೈ ಕೊಡಬೇಕು ಅನ್ನುವುದು ಆಯೋಜಕರ ಆಸೆ.

ಬಯಲಲ್ಲಿ ಫೋನಿಗೆ ಒಂದು ಕಡ್ಡಿ ಸಿಗ್ನಲ್ ಬಂದು ಹೋಗುತ್ತದೆ. 400 ಮೀಟರ್ ಆಚೆಯ ದಿಬ್ಬದ ಮೇಲೆ ಮೂರು ಕಡ್ಡಿ ಗಟ್ಟಿಯಾಗಿ ನಿಲ್ಲುತ್ತದೆ. ಕೈಯಲ್ಲಿರುವುದು: 12 ವೋಲ್ಟ್‌ನ ಎಲ್‌ಟಿಇ (4ಜಿ ಸಿಮ್ ಹಾಕುವ) ರೂಟರ್, ಯುಪಿಎಸ್‌ನಿಂದ ತೆಗೆದ 12 ವೋಲ್ಟ್ 7 ಎಎಚ್ (ಆಂಪ್‌ಗಂಟೆ) ಬ್ಯಾಟರಿ, 300 ವ್ಯಾಟ್ ಇನ್ವರ್ಟರ್, 20 ಮೀಟರ್ ಆರ್‌ಜಿ-58 ಆಂಟೆನಾ ಕೇಬಲ್. ಆಂಟೆನಾವನ್ನು ಎತ್ತರದ ಕಂಬಕ್ಕೆ ಕಟ್ಟಿ ಈ ಕೇಬಲ್‌ನಲ್ಲಿ ಕೆಳಗಿನ ರೂಟರ್‌ಗೆ ತಂದರೆ ಸಾಕೇ? ಬ್ಯಾಟರಿ ಸಾಲುತ್ತದೆಯೇ? ಇಲ್ಲ, ಉಪಗ್ರಹದಿಂದ ಇಂಟರ್ನೆಟ್ ಕೊಡುವ ಸ್ಟಾರ್‌ಲಿಂಕ್ ಮಿನಿ ತಂದುಬಿಡುವುದೇ ವಾಸಿಯೇ?

ವ್ಯಾಟ್‌ಗಂಟೆ

ರೂಟರನ್ನು ದಿಬ್ಬದ ಮೇಲಿಟ್ಟು, ಅಲ್ಲಿಂದ ಬಯಲಿಗೆ ತಂತಿಯಿಲ್ಲದೆ ಇಂಟರ್ನೆಟ್ ದಾಟಿಸುವ ಒಂದು ಜೊತೆ ಲಿಂಕ್ ರೇಡಿಯೋ ಹಾಕುವುದು ಸರಿಯಾದ ದಾರಿ. ಮೊದಲು ಬ್ಯಾಟರಿ. 12 × 7 = 84 ವ್ಯಾಟ್‌ಗಂಟೆ. ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ, ವೋಲ್ಟೇಜೂ ಬೀಳುತ್ತದೆ. ಹಾಗಾಗಿ ಕೈಗೆ ಸಿಗುವುದು 42. ರೂಟರ್ 6 ವ್ಯಾಟ್, ರೇಡಿಯೋ 5 ವ್ಯಾಟ್ ಅಂತಿಟ್ಟರೂ 4 ಗಂಟೆ ಬರುವುದಿಲ್ಲ.

ಇನ್ವರ್ಟರ್ ಮನೆಯಲ್ಲೇ ಇರಲಿ. ಏನೂ ಚುಚ್ಚದಿದ್ದರೂ ಈ ಗಾತ್ರದ ಇನ್ವರ್ಟರ್ 6ರಿಂದ 10 ವ್ಯಾಟ್ ತಿನ್ನುತ್ತಲೇ ಇರುತ್ತದೆ. ಅದರ ಮೇಲೆ 12 ವೋಲ್ಟನ್ನು 230ಕ್ಕೆ ಏರಿಸಿ, ಅಡಾಪ್ಟರ್‌ನಲ್ಲಿ ಮತ್ತೆ 12ಕ್ಕೆ ಇಳಿಸುವ ನಷ್ಟ ಬೇರೆ. 11 ವ್ಯಾಟ್ ಕೆಲಸಕ್ಕೆ 22 ವ್ಯಾಟ್ ಖರ್ಚಾಗುತ್ತದೆ. ಬ್ಯಾಟರಿಯಿಂದ ಉಪಕರಣದವರೆಗೆ ಡಿಸಿಯಲ್ಲೇ ಹೋಗಿ.

ಅಡಾಪ್ಟರ್ ಮೇಲೆ ‘12 ವೋಲ್ಟ್ 2 ಆಂಪ್’ ಅಂತ ಇದ್ದರೆ ಅದು ಅಡಾಪ್ಟರ್‌ನ ತಾಕತ್ತು, ರೂಟರ್‌ನ ಖರ್ಚಲ್ಲ. ಖರ್ಚು ಅಳೆಯಲು ಬ್ಯಾಟರಿಗೂ ರೂಟರ್‌ಗೂ ನಡುವೆ ಡಿಸಿ ವ್ಯಾಟ್‌ಮೀಟರ್ ಹಾಕಿ, ಸಿಮ್ ಸಮೇತ ಒಂದು ಗಂಟೆ ಎಡೆಬಿಡದೆ ದೊಡ್ಡ ಫೈಲ್ ಅಪ್‌ಲೋಡ್ ಮಾಡಿ. ಒಂದು ಗಂಟೆ ಆದಾಗ ಮೀಟರ್ ತೋರಿಸುವ ವ್ಯಾಟ್‌ಗಂಟೆಯೇ ನಿಮ್ಮ ನಿಜವಾದ ಖರ್ಚು. ಅದೇ ಮೀಟರ್‌ನಲ್ಲಿ ‘ಕನಿಷ್ಠ ವೋಲ್ಟ್’ ಅನ್ನುವ ಅಂಕಿಯೂ ಇರುತ್ತದೆ, ಅದನ್ನೂ ಬರೆದುಕೊಳ್ಳಿ. ಸಿಗ್ನಲ್ ದುರ್ಬಲವಾದಷ್ಟೂ ಎಲ್‌ಟಿಇ ಮೋಡೆಮ್ ಜೋರಾಗಿ ಕೂಗಬೇಕು, ಆಗ ಕರೆಂಟ್ ಒಮ್ಮೆಲೇ ಏರಿ ವೋಲ್ಟೇಜ್ ಒಂದು ಕ್ಷಣ ಕುಸಿಯುತ್ತದೆ. ಕಾರಣವೇ ಇಲ್ಲದೆ ರೂಟರ್ ರೀಸ್ಟಾರ್ಟ್ ಆಗುತ್ತಿದ್ದರೆ ಮೊದಲು ಅನುಮಾನ ಪಡಬೇಕಾದ್ದು ಇದನ್ನೇ.

ಈಗ ನಿಮ್ಮ ಜಾಗದ ಲೆಕ್ಕ. ದಿಬ್ಬದ ಮೇಲೆ ಎಲ್‌ಟಿಇ ರೂಟರ್ 6, ಲಿಂಕ್ ರೇಡಿಯೋ 5, ಒಟ್ಟು 11 ವ್ಯಾಟ್. ಬಯಲಲ್ಲಿ ಲಿಂಕ್ ರೇಡಿಯೋ 5, ವೈಫೈ ಬಿತ್ತರಿಸುವ ಆಕ್ಸೆಸ್ ಪಾಯಿಂಟ್ 6, ಅದೂ 11 ವ್ಯಾಟ್. 11 × 30 = 330. ಕನ್ವರ್ಟರ್ ನಷ್ಟಕ್ಕೆ ಶೇ 10 ಸೇರಿಸಿದರೆ ಸುಮಾರು 365 ವ್ಯಾಟ್‌ಗಂಟೆ, ಪ್ರತಿ ಕಡೆ. 12.8 ವೋಲ್ಟ್ 40 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 512 ಇರುತ್ತದೆ, ಶೇ 80 ಬಳಸಿದರೆ 410. ಪ್ರತಿ ಕಡೆಗೂ ಅಂಥದ್ದೊಂದು ಇಟ್ಟರೆ ಸೋಲಾರ್ ಇಲ್ಲದೆಯೂ ದಾಟುತ್ತೀರಿ.

ಈ ಬ್ಯಾಟರಿಯ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಹೇಳಲಾಗದು. ಮುಕ್ಕಾಲು ಪಾಲು ಹೊತ್ತು 13.2ರ ಆಸುಪಾಸಿನಲ್ಲೇ ನಿಂತಿದ್ದು, ಕೊನೆಯಲ್ಲಿ ಬಾವಿಗೆ ಬಿದ್ದಂತೆ ಬೀಳುತ್ತದೆ. ವ್ಯಾಟ್‌ಮೀಟರನ್ನು ಅಲ್ಲೇ ಬಿಟ್ಟು, ಖರ್ಚಾದ ವ್ಯಾಟ್‌ಗಂಟೆಯನ್ನು ಎಣಿಸಿ. ಇನ್ನೊಂದು ಎಚ್ಚರಿಕೆ: ಚಾರ್ಜ್ ಆಗುವಾಗ ಇದು 14.6 ವೋಲ್ಟ್‌ವರೆಗೆ ಏರುತ್ತದೆ. ರೂಟರ್ ಮೇಲೆ ‘9–30 ವೋಲ್ಟ್’ ಅಂತ ಬರೆದಿದ್ದರೆ ನೇರ ಕೊಡಿ. ಬರೀ ‘12 ವೋಲ್ಟ್’ ಅಂತಿದ್ದರೆ ನಡುವೆ 12 ವೋಲ್ಟ್‌ಗೆ ಕಟ್ಟಿಹಾಕುವ ಬಕ್-ಬೂಸ್ಟ್ ಕನ್ವರ್ಟರ್ ಬೇಕು. ಬರೀ ಬಕ್ ಆದರೆ ಏರಿದ್ದನ್ನು ಇಳಿಸುತ್ತದೆ, ಇಳಿದದ್ದನ್ನು ಏರಿಸದು.

ಸೋಲಾರ್ ಬೇಕೆಂದರೆ 100 ವ್ಯಾಟ್ ಪ್ಯಾನಲ್ ಒಳ್ಳೆಯ ಬಿಸಿಲಿನ ದಿನ 300 ವ್ಯಾಟ್‌ಗಂಟೆಯ ಹತ್ತಿರ ಕೊಡುತ್ತದೆ. ದಟ್ಟ ಮೋಡವಿದ್ದರೆ ಅದರ ಕಾಲು ಭಾಗವೂ ಸಂಶಯ. ಅದಕ್ಕೇ ಪ್ಯಾನಲ್ ಇಲ್ಲವೆಂದುಕೊಂಡು ಬ್ಯಾಟರಿ ಲೆಕ್ಕ ಹಾಕಿ. ಪ್ಯಾನಲ್‌ನ ಒಂದು ಮೂಲೆಗೆ ಕಂಬದ ನೆರಳು ಬಿದ್ದರೂ ಉತ್ಪಾದನೆ ಅರ್ಧಕ್ಕೆ ಇಳಿಯಬಹುದು. ಬೆಳಿಗ್ಗೆ ಇಟ್ಟ ಜಾಗಕ್ಕೆ ಮಧ್ಯಾಹ್ನ ನೆರಳು ಬರುತ್ತದೋ ನೋಡಿಕೊಳ್ಳಿ.

ಸ್ಟಾರ್‌ಲಿಂಕ್ ಮಿನಿ ಸರಾಸರಿ 25ರಿಂದ 40 ವ್ಯಾಟ್ ಎಳೆಯುತ್ತದೆ. 30 ಗಂಟೆಗೆ 750ರಿಂದ 1,200 ವ್ಯಾಟ್‌ಗಂಟೆ. ದಿಬ್ಬದ ಮೇಲೂ ಮೊಬೈಲ್ ಸಿಗ್ನಲ್ ಇಲ್ಲದ ಜಾಗಕ್ಕೆ ಅದು ಸರಿ, ನಿಮ್ಮ ದೇಶದಲ್ಲಿ ಅನುಮತಿ ಇದ್ದರೆ. ಮೂರು ಕಡ್ಡಿ ಇರುವ ದಿಬ್ಬ ಪಕ್ಕದಲ್ಲೇ ಇರುವಾಗ ಅಷ್ಟು ಬ್ಯಾಟರಿ ಹೊರುವುದು ದಂಡ.

ದಿಬ್ಬದಾಚೆ

ಆರ್‌ಜಿ-58 ಕೇಬಲ್ 1,800 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ಮೀಟರ್‌ಗೆ ಸುಮಾರು 0.7 ಡಿಬಿ (ಡೆಸಿಬೆಲ್) ಸಿಗ್ನಲ್ ನುಂಗುತ್ತದೆ. 20 ಮೀಟರ್‌ಗೆ 14 ಡಿಬಿ, ಅಂದರೆ ಆಂಟೆನಾ ಹಿಡಿದದ್ದರಲ್ಲಿ 25ರಲ್ಲೊಂದು ಪಾಲು ಮಾತ್ರ ಕೆಳಗೆ ಬರುತ್ತದೆ. 10 ಡಿಬಿ ಗಳಿಕೆಯ ಆಂಟೆನಾ ಹಾಕಿಯೂ ನೀವು 4 ಡಿಬಿ ನಷ್ಟದಲ್ಲೇ ಇರುತ್ತೀರಿ. ಅದರ ಬದಲು ರೂಟರನ್ನೇ ಕಂಬದ ಮೇಲಕ್ಕೆ ಒಯ್ಯಿರಿ. ಆಂಟೆನಾದಿಂದ ರೂಟರ್‌ಗೆ ಅರ್ಧ ಮೀಟರ್ ಕೇಬಲ್ ಸಾಕು, ಕೆಳಗಿಳಿಯುವುದು ನೆಟ್‌ವರ್ಕ್ ಕೇಬಲ್. ಅದು 100 ಮೀಟರ್‌ವರೆಗೆ ಒಂದು ಬಿಟ್ಟೂ ಕಳೆಯದೆ ತಲುಪಿಸುತ್ತದೆ.

ಆದರೆ ಕರೆಂಟ್ ವಿಷಯದಲ್ಲಿ ಅದೇ ಕೇಬಲ್ ಅಷ್ಟು ಉದಾರಿಯಲ್ಲ. ಕ್ಯಾಟ್5ಇ ಅನ್ನುವ ಸಾಮಾನ್ಯ ನೆಟ್‌ವರ್ಕ್ ಕೇಬಲ್‌ನ ಒಂದು ತಂತಿಗೆ ಕಿಲೋಮೀಟರ್‌ಗೆ ಸುಮಾರು 84 ಓಮ್. ಹೋಗಲು ಎರಡು, ಬರಲು ಎರಡು ತಂತಿ ಬಳಸಿದರೆ 15 ಮೀಟರ್‌ಗೆ ಒಟ್ಟು 1.26 ಓಮ್. 12 ವೋಲ್ಟ್‌ನಲ್ಲಿ 1 ಆಂಪ್ ಹರಿದಾಗ ಮೇಲೆ ಉಳಿಯುವುದು 10.7. ವ್ಯಾಟ್‌ಗಂಟೆ ಅವರು ಹೇಳಿದ ರೀಸ್ಟಾರ್ಟ್ ಕಾಯಿಲೆ ಇಲ್ಲಿಂದಲೇ ಶುರು. ಕೆಳಗೆ 24 ವೋಲ್ಟ್‌ಗೆ ಏರಿಸಿ ಕಳಿಸಿ, ಮೇಲೆ 12ಕ್ಕೆ ಇಳಿಸಿದರೆ ಕರೆಂಟ್ ಅರ್ಧವಾಗುತ್ತದೆ, ಬೀಳುವುದು 0.6 ವೋಲ್ಟ್ ಮಾತ್ರ.

ಕೇಬಲ್ ಕೊಳ್ಳುವಾಗ ತಾಮ್ರದ ಲೇಪ ಹೊದ್ದ ಅಲ್ಯೂಮಿನಿಯಂ ತಂತಿಗೆ ಮೋಸ ಹೋಗಬೇಡಿ, ಅದರ ರೋಧ ಒಂದೂವರೆ ಪಟ್ಟು. ಕಂಡುಹಿಡಿಯುವುದು ಸುಲಭ: ಒಂದು ತಂತಿಯ ಪ್ಲಾಸ್ಟಿಕ್ ಸುಲಿದು ಬ್ಲೇಡ್‌ನಿಂದ ಕೆರೆಯಿರಿ. ಕೆರೆದಷ್ಟೂ ಕೆಂಪೇ ಕಂಡರೆ ತಾಮ್ರ. ಕೆಂಪಿನ ಅಡಿಯಲ್ಲಿ ಬೆಳ್ಳಿಬಿಳುಪು ಕಂಡರೆ ವಾಪಸ್ ಕೊಡಿ. ಇನ್ನು, ನೆಟ್‌ವರ್ಕ್ ಕೇಬಲ್‌ನಲ್ಲೇ ಕರೆಂಟ್ ಕಳಿಸುವುದಕ್ಕೆ ಪಿಒಇ ಅನ್ನುತ್ತಾರೆ. ಪ್ಯಾಸಿವ್ 24 ವೋಲ್ಟ್ ಪಿಒಇ ಬೇರೆ, 48 ವೋಲ್ಟ್‌ನ 802.3ಎಎಫ್ ಅನ್ನುವ ಪಿಒಇ ಬೇರೆ. 802.3ಎಎಫ್ ಮೊದಲು ಆ ತುದಿಯಲ್ಲಿ ಯಾರಿದ್ದಾರೆಂದು ವಿಚಾರಿಸಿ ಆಮೇಲೆ ಕರೆಂಟ್ ಬಿಡುತ್ತದೆ. ಪ್ಯಾಸಿವ್‌ಗೆ ಆ ಶಿಸ್ತಿಲ್ಲ, ಲ್ಯಾಪ್‌ಟಾಪ್ ಚುಚ್ಚಿದರೂ ಬಿಡುತ್ತದೆ, ಪೋರ್ಟ್ ಸುಡಬಹುದು. ಆ ಪ್ಲಗ್‌ಗೆ ಕೆಂಪು ಟೇಪ್ ಸುತ್ತಿ.

ಕಡ್ಡಿ ಎಣಿಸುವುದನ್ನು ಬಿಡಿ. ರೂಟರ್ ಪುಟದಲ್ಲಿ ಆರ್‌ಎಸ್‌ಆರ್‌ಪಿ, ಎಸ್‌ಐಎನ್‌ಆರ್ ಅಂತ ಎರಡು ಅಂಕಿ ಇರುತ್ತವೆ. ಮೊದಲನೆಯದು ಸಿಗ್ನಲ್‌ನ ಬಲ, ಎರಡನೆಯದು ಗದ್ದಲದ ನಡುವೆ ಅದು ಎಷ್ಟು ಸ್ಪಷ್ಟ ಅನ್ನುವುದು. ಮೈನಸ್ 95 ಆರ್‌ಎಸ್‌ಆರ್‌ಪಿಗೆ 15 ಎಸ್‌ಐಎನ್‌ಆರ್ ಇರುವ ದಿಕ್ಕು, ಮೈನಸ್ 80ಕ್ಕೆ 2 ಇರುವ ದಿಕ್ಕಿಗಿಂತ ಎಷ್ಟೋ ಮೇಲು. ಆಂಟೆನಾವನ್ನು 15 ಡಿಗ್ರಿಯಷ್ಟು ತಿರುಗಿಸಿ, ಅರ್ಧ ನಿಮಿಷ ಕಾಯಿರಿ, ಎಸ್‌ಐಎನ್‌ಆರ್ ಮತ್ತು ಅಪ್‌ಲೋಡ್ ವೇಗ ಬರೆದುಕೊಳ್ಳಿ, ಮತ್ತೆ 15 ಡಿಗ್ರಿ. ಪೂರ್ತಿ ಸುತ್ತು ಹಾಕಿದ ಮೇಲೆ ಅತ್ಯುತ್ತಮ ದಿಕ್ಕಿಗೆ ಬಂದು ಬಿಗಿ ಮಾಡಿ. ರೂಟರ್‌ಗೆ ಎರಡು ಆಂಟೆನಾ ಪೋರ್ಟ್ ಇದ್ದರೆ ಎರಡಕ್ಕೂ ಕೊಡಿ. ಒಂದು ಎಡಕ್ಕೆ 45 ಡಿಗ್ರಿ, ಇನ್ನೊಂದು ಬಲಕ್ಕೆ 45 ಡಿಗ್ರಿ ಓರೆ.

ದಿಬ್ಬದಿಂದ ಬಯಲಿಗೆ 5 ಗಿಗಾಹರ್ಟ್ಸ್‌ನ ಒಂದು ಜೊತೆ ರೇಡಿಯೋ. 5,500 ಮೆಗಾಹರ್ಟ್ಸ್‌ನಲ್ಲಿ 400 ಮೀಟರ್‌ಗೆ ಗಾಳಿಯಲ್ಲಿ ಕಳೆಯುವುದು ಸುಮಾರು 99 ಡಿಬಿ. ಎರಡೂ ಕಡೆ 13 ಡಿಬಿಐ (ಗಳಿಕೆಯ ಅಳತೆ) ಆಂಟೆನಾ ಇದ್ದು ಬರೀ 10 ಡಿಬಿಎಂ, ಅಂದರೆ 10 ಮಿಲಿವ್ಯಾಟ್‌ನಲ್ಲಿ ಕೂಗಿದರೂ ಆ ತುದಿಯಲ್ಲಿ ಮೈನಸ್ 63 ಡಿಬಿಎಂ ಬರುತ್ತದೆ. ಧಾರಾಳ. ಪವರ್ ಪೂರ್ತಿ ಏರಿಸುವುದು ಸಾಮಾನ್ಯ ಚಾಳಿ. ಇಲ್ಲಿ ಅದರಿಂದ ಲಾಭವಿಲ್ಲ, ಬ್ಯಾಟರಿಯೂ ಸೋರುತ್ತದೆ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಸಾಕು, ನಿಮ್ಮ ಎಲ್‌ಟಿಇ ಅದಕ್ಕಿಂತ ವೇಗವಾಗಿ ಓಡುವುದಿಲ್ಲ.

ಕಣ್ಣಿಗೆ ಕಂಡರೆ ಸಾಲದು, ನೋಟದ ಗೆರೆಯ ಸುತ್ತ ಜಾಗವೂ ಖಾಲಿ ಇರಬೇಕು. ಫ್ರೆನೆಲ್ ವಲಯ ಅನ್ನುತ್ತಾರೆ. 400 ಮೀಟರ್‌ಗೆ ಮಧ್ಯದಲ್ಲಿ ಅದರ ತ್ರಿಜ್ಯ 2.3 ಮೀಟರ್, ಕನಿಷ್ಠ ಶೇ 60, ಅಂದರೆ 1.4 ಮೀಟರ್ ಖಾಲಿ ಇರಲಿ. ದಾರಿಯ ನಡುವೆ ಜನ ನಿಲ್ಲುವುದಾದರೆ ತಲೆ 1.8, ಅದರ ಮೇಲೆ 1.4. ಬಯಲಿನ ಕಂಬ 4 ಮೀಟರ್ ಇದ್ದರೆ ನೆಮ್ಮದಿ. ಬೆಳಿಗ್ಗೆ ಚೆನ್ನಾಗಿದ್ದ ಲಿಂಕ್ ಮಧ್ಯಾಹ್ನ ಕುಂಟಿದರೆ, ಗೆರೆಯ ನಡುವೆ ಯಾರೋ ದೊಡ್ಡ ವಾಹನ ನಿಲ್ಲಿಸಿರುತ್ತಾರೆ. ರೇಡಿಯೋ ಪುಟದಲ್ಲಿ ಎರಡು ಚೈನ್‌ಗಳ, ಅಂದರೆ ಅದರೊಳಗಿನ ಎರಡು ಆಂಟೆನಾ ದಾರಿಗಳ ಅಂಕಿಯೂ ನೋಡಿ. ಒಂದು ಮೈನಸ್ 62, ಇನ್ನೊಂದು ಮೈನಸ್ 74 ಇದ್ದರೆ ರೇಡಿಯೋ ಓರೆಯಾಗಿದೆ ಅಥವಾ ಏನೋ ಅಡ್ಡ ಇದೆ. ವ್ಯತ್ಯಾಸ 3 ಡಿಬಿಯೊಳಗೆ ಬರುವವರೆಗೆ ತಿದ್ದಿ.

ಸಾಲುಪ್ಯಾಕೆಟ್

ಬಂದವರಿಗೆಲ್ಲ ವೈಫೈ ಕೊಡುವ ಯೋಚನೆಯನ್ನು ಇಲ್ಲಿಗೇ ನಿಲ್ಲಿಸಿ ಅನ್ನುವುದು ನನ್ನ ಖಡಾಖಂಡಿತ ಸಲಹೆ. ವೈಫೈಗೆ ಸೇರಿದ ಮರುಕ್ಷಣವೇ ಫೋನ್‌ಗಳು ಫೋಟೋ ಬ್ಯಾಕಪ್, ಆ್ಯಪ್ ಅಪ್‌ಡೇಟ್ ಶುರು ಮಾಡುತ್ತವೆ. ದಿಬ್ಬದಿಂದ ಸಿಗುವ ಅಪ್‌ಲೋಡ್ 8 ಎಂಬಿಪಿಎಸ್ ಅಂದುಕೊಳ್ಳಿ. ಹತ್ತು ಫೋನ್ ಅದನ್ನು ತುಂಬಿಸಲು ಸಾಕು, ಆಗ ಪ್ರಥಮ ಚಿಕಿತ್ಸೆಯ ಕರೆ ತುಂಡುತುಂಡಾಗಿ ಕೇಳುತ್ತದೆ.

ಕಾರ್ಡ್ ಮೆಷಿನ್‌ಗೆ ಬೇಕಾದದ್ದು ಒಂದು ವ್ಯವಹಾರಕ್ಕೆ ಕೆಲವೇ ಕಿಲೋಬೈಟ್, ಕರೆಗೆ 100 ಕೆಬಿಪಿಎಸ್ ಆಸುಪಾಸು. ಇವಕ್ಕೆ ವೇಗಕ್ಕಿಂತ ತಡವಾಗದಿರುವುದು ಮುಖ್ಯ. ಓಪನ್‌ಡಬ್ಲ್ಯೂಆರ್‌ಟಿ (ರೂಟರ್‌ನ ಮುಕ್ತ ತಂತ್ರಾಂಶ) ಹಾಕಿದ ರೂಟರ್ ಆದರೆ ಡೇಟಾದ ಸಾಲನ್ನು ನಿಭಾಯಿಸುವ ಎಸ್‌ಕ್ಯೂಎಂ ಸೌಲಭ್ಯದಲ್ಲಿ ‘ಕೇಕ್’ ಅನ್ನುವ ವಿಧಾನ ಆರಿಸಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ವೇಗ ಅಳೆದು, ಬಂದದ್ದರಲ್ಲಿ ಅತಿ ಕಡಿಮೆಯದರ ಶೇ 85 ಅನ್ನು ಮಿತಿಯಾಗಿ ಬರೆಯಿರಿ. ಸರಾಸರಿ ಬರೆದರೆ ಸಿಗ್ನಲ್ ಇಳಿದಾಗ ಸಾಲು ಮತ್ತೆ ಮೋಡೆಮ್, ಟವರ್ ಕಡೆಯೇ ಬೆಳೆಯುತ್ತದೆ, ಕೇಕ್ ಇದ್ದೂ ಇಲ್ಲದಂತೆ.

ಹಿಂದಿನ ದಿನದ ಅಳತೆಯನ್ನು ಪೂರ್ತಿ ನಂಬಬೇಡಿ. ಸ್ಪರ್ಧೆಯ ದಿನ ಆ 200 ಫೋನ್‌ಗಳೂ ಅದೇ ಟವರ್‌ಗೆ ನೇತುಬೀಳುತ್ತವೆ. ಆರ್‌ಎಸ್‌ಆರ್‌ಪಿ ಹಾಗೇ ಇರುತ್ತದೆ, ವೇಗ ಮಾತ್ರ ಕುಸಿಯುತ್ತದೆ. ಅದಕ್ಕೆ ಇನ್ನೊಂದು ಕಂಪನಿಯ ಸಿಮ್ ಇಟ್ಟುಕೊಳ್ಳಿ. ರೂಟರ್‌ನಲ್ಲಿ ಬ್ಯಾಂಡ್ (ಮೊಬೈಲ್ ತರಂಗಾಂತರದ ಪಟ್ಟಿ) ಆರಿಸುವ ಸೌಲಭ್ಯವಿದ್ದರೆ ಒಂದೊಂದೇ ಬ್ಯಾಂಡ್‌ಗೆ ಕಟ್ಟಿ ವೇಗ ನೋಡಿಟ್ಟುಕೊಂಡಿರಿ, ಅವತ್ತು ಬದಲಿಸಲು ಅನುಕೂಲ.

ಆಕ್ಸೆಸ್ ಪಾಯಿಂಟ್‌ನಲ್ಲಿ ವೈಫೈ ಹೆಸರು ಎರಡೇ ಇರಲಿ. ಪ್ರತಿ ಹೆಸರೂ ಸೆಕೆಂಡಿಗೆ ಹತ್ತು ಸಲ ತಾನಿದ್ದೇನೆಂದು ಸಾರುತ್ತದೆ. 1 ಎಂಬಿಪಿಎಸ್‌ನಲ್ಲಿ ಸಾರಿದರೆ ಒಂದು ಸಲಕ್ಕೆ ಎರಡೂವರೆ ಮಿಲಿಸೆಕೆಂಡ್, ಅಂದರೆ ಒಂದು ಹೆಸರಿಗೇ ಗಾಳಿಯ ಸಮಯದ ಶೇ 2.5 ಹೋಯಿತು. ಕನಿಷ್ಠ ವೇಗವನ್ನು 6 ಅಥವಾ 12ಕ್ಕೆ ಏರಿಸಿ. ಟ್ಯಾಬ್, ಲ್ಯಾಪ್‌ಟಾಪ್, ಫೋನ್ ಇರುವ ಹೆಸರು 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ, ಲಿಂಕ್ ರೇಡಿಯೋದಿಂದ ದೂರದ ಚಾನೆಲ್‌ನಲ್ಲಿ. ಕಾರ್ಡ್ ಮೆಷಿನ್‌ಗಳಲ್ಲಿ ಹಲವಕ್ಕೆ 2.4 ಮಾತ್ರ ಗೊತ್ತು, ಅವಕ್ಕೆ ಇನ್ನೊಂದು ಹೆಸರು: ಚಾನೆಲ್ 1, 6, 11ರಲ್ಲಿ ಒಂದು, 20 ಮೆಗಾಹರ್ಟ್ಸ್ ಅಗಲ, ಪಾಸ್‌ವರ್ಡ್ ಭದ್ರತೆ ಡಬ್ಲ್ಯೂಪಿಎ2. ಡಬ್ಲ್ಯೂಪಿಎ3 ಕಡ್ಡಾಯ ಮಾಡಿದರೆ ಹಳೆಯ ಮೆಷಿನ್ ಸೇರುವುದೇ ಇಲ್ಲ, ತಪ್ಪು ಪಾಸ್‌ವರ್ಡ್ ಅಂತ ಸುಳ್ಳು ಹೇಳುತ್ತದೆ. ವೈಫೈ ಕಾಲ್‌ಗೆ ರೂಟರ್‌ನ ಫೈರ್‌ವಾಲ್‌ನಲ್ಲಿ ಯುಡಿಪಿ ಪೋರ್ಟ್ 500 ಮತ್ತು 4500 ತೆರೆದಿರಬೇಕು.

ಪ್ರಥಮ ಚಿಕಿತ್ಸೆಯ ಟೆಂಟ್ ಇದೊಂದನ್ನೇ ನಂಬಿರುವುದು ಬೇಡ. ವಾಕಿಟಾಕಿ ಹಿಡಿದ ಒಬ್ಬರು ದಿಬ್ಬದ ಸಿಗ್ನಲ್ ಇರುವ ಕಡೆ ಇರಲಿ.

ಬಯಲುನೋಟ

ಎಲ್ಲರಿಗೂ ಕೃತಜ್ಞತೆ. ಎಲ್ಲರಿಗೂ ವೈಫೈ ಅನ್ನುವುದನ್ನು ಕೈಬಿಟ್ಟಾಯಿತು. ಫಲಿತಾಂಶದ ಪುಟವನ್ನಾದರೂ ಇಂಟರ್ನೆಟ್ ಇಲ್ಲದ ಸ್ಥಳೀಯ ವೈಫೈಯಲ್ಲಿ ತೋರಿಸಬಹುದೇ? ದಿಬ್ಬದ ಬದಲು ಸಿಗ್ನಲ್ ಬೂಸ್ಟರ್ ಹಾಕಿ ಅಂತ ಒಬ್ಬರು ಹೇಳುತ್ತಿದ್ದಾರೆ, ಅದು ಹೇಗೆ?

ಸಾಲುಪ್ಯಾಕೆಟ್

ಬೂಸ್ಟರ್ ಬೇಡ. ಬಹಳ ದೇಶಗಳಲ್ಲಿ ಮೊಬೈಲ್ ಕಂಪನಿಯ ಒಪ್ಪಿಗೆಯಿಲ್ಲದೆ ಹಾಕುವುದು ಅಪರಾಧ. ಅದರ ಒಳ-ಹೊರ ಆಂಟೆನಾ ಒಂದಕ್ಕೊಂದು ಕೇಳಿಸಿಕೊಂಡರೆ ಮೈಕ್ ಕಿರುಚಿದಂತೆ ಕಿರುಚಿ ಟವರನ್ನೇ ಕೆಡಿಸುತ್ತದೆ.

ಸ್ಥಳೀಯ ಪುಟ ಆಗುತ್ತದೆ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟಾಣಿ ಕಂಪ್ಯೂಟರ್ ಒಂದೆರಡು ವ್ಯಾಟ್‌ನಲ್ಲಿ ಅಷ್ಟು ಕೆಲಸ ಮಾಡುತ್ತದೆ. ಆದರೆ ವೈಫೈಯನ್ನು ಅದರಿಂದ ಬಿತ್ತರಿಸಬೇಡಿ, ಅಷ್ಟು ಫೋನ್‌ಗಳನ್ನು ಅದು ತಾಳದು. ಆಕ್ಸೆಸ್ ಪಾಯಿಂಟ್‌ನಲ್ಲಿ ಇಂಟರ್ನೆಟ್‌ಗೆ ದಾರಿಯಿಲ್ಲದ ಮೂರನೇ ಹೆಸರು ಕೊಡಿ. ಎರಡೇ ಹೆಸರು ಅಂದಿದ್ದೆ, ಕನಿಷ್ಠ ವೇಗ 12 ಇದ್ದರೆ ಮೂರನೆಯದು ಭಾರವಾಗುವುದಿಲ್ಲ. ಫೋನ್‌ಗಳಿಗೆ ಐಪಿ ವಿಳಾಸ ಹಂಚಲು /24 ಗಾತ್ರದ ಜಾಲ ಸಾಲದು, 254ರಲ್ಲಿ ಮುಗಿಯುತ್ತದೆ, ಹೊರಟುಹೋದವರ ವಿಳಾಸಗಳೂ ಅವಧಿ ಮುಗಿಯುವವರೆಗೆ ಬಿಡುಗಡೆಯಾಗುವುದಿಲ್ಲ. /22 (ಸಾವಿರದಷ್ಟು ವಿಳಾಸ) ಇಟ್ಟು ಅವಧಿ ಒಂದು ಗಂಟೆ ಮಾಡಿ. ಇಂಟರ್ನೆಟ್ ಇಲ್ಲವೆಂದು ಫೋನ್ ತಕರಾರು ತೆಗೆಯುತ್ತದೆ, ‘ಇದರಲ್ಲೇ ಇರಲಿ’ ಅನ್ನುವುದನ್ನು ಒತ್ತಬೇಕೆಂದು ಕ್ಯೂಆರ್ ಕೋಡ್ ಕೆಳಗೇ ದಪ್ಪಕ್ಷರದಲ್ಲಿ ಬರೆಯಿರಿ.

ಮಳೆಗೂಡು

ಯಾರೂ ನೀರಿನ ಮಾತೆತ್ತಿಲ್ಲ. ಮಳೆ ಬಾರದಿದ್ದರೂ ರಾತ್ರಿಯ ಇಬ್ಬನಿ ಬಂದೇ ಬರುತ್ತದೆ. ಕಂಬದ ಮೇಲಿಂದ ಇಳಿಯುವ ಕೇಬಲ್ ನೇರ ಪೆಟ್ಟಿಗೆಯೊಳಗೆ ಹೋದರೆ ನೀರೂ ಅದರ ಬೆನ್ನು ಹಿಡಿದು ಒಳಗೆ ಹೋಗುತ್ತದೆ. ಕೇಬಲ್ ಪೆಟ್ಟಿಗೆಗಿಂತ ಒಂದು ಗೇಣು ಕೆಳಗಿಳಿದು, ಮತ್ತೆ ಮೇಲೇರಿ ತಳದ ಗ್ಲ್ಯಾಂಡ್‌ನಿಂದ (ನೀರು ನುಗ್ಗದಂತೆ ಕೇಬಲ್ ಹಿಡಿಯುವ ರಬ್ಬರ್ ಬಿಗಿ) ಒಳಹೋಗಲಿ. ಆ ತಗ್ಗಿನಲ್ಲಿ ಹನಿ ಕೂಡಿ, ತೂಗಿ, ನೆಲಕ್ಕೆ ಬೀಳುತ್ತದೆ.

ಒದ್ದೆಯಾದ ಪಿಒಇ ಪ್ಲಗ್ ಒಂದೇ ರಾತ್ರಿಯಲ್ಲಿ ಹಾಳಾಗಬಹುದು. ಕರೆಂಟ್ ಹರಿಯುತ್ತಿರುವುದರಿಂದ ಪಾಸಿಟಿವ್ ಪಿನ್‌ಗಳ ಲೋಹ ಕರಗಿ ಹಸಿರು ಕಿಲುಬು ಕಟ್ಟುತ್ತದೆ, ಉಳಿದವು ಹೊಳೆಯುತ್ತಲೇ ಇರುತ್ತವೆ. ಲಿಂಕ್ ಇದ್ದು ಕರೆಂಟ್ ಮಾತ್ರ ತಟಪಟ ಅನ್ನುತ್ತಿದ್ದರೆ ಪ್ಲಗ್ ಕಿತ್ತು ಆ ಪಾಸಿಟಿವ್ ಪಿನ್‌ಗಳನ್ನು ನೋಡಿ. ಒರೆಸಿ ಪ್ರಯೋಜನವಿಲ್ಲ, ಕತ್ತರಿಸಿ ಹೊಸ ಪ್ಲಗ್ ಒತ್ತಬೇಕು. ಕ್ರಿಂಪಿಂಗ್ ಟೂಲ್ ಮತ್ತು ಹತ್ತು ಪ್ಲಗ್ ಚೀಲದಲ್ಲಿರಲಿ.

ಬ್ಯಾಟರಿಯನ್ನು ರೂಟರ್ ಪೆಟ್ಟಿಗೆಯಲ್ಲಿ ಇಡಬೇಡಿ. ಮುಚ್ಚಿದ ಪೆಟ್ಟಿಗೆ ಬಿಸಿಲಲ್ಲಿ ಒಲೆಯಾಗುತ್ತದೆ, ಬಿಸಿ ಮಿತಿ ದಾಟಿದರೆ ಬ್ಯಾಟರಿಯ ಬಿಎಂಎಸ್ (ಒಳಗಿನ ಕಾವಲು ಸರ್ಕ್ಯೂಟ್) ಚಾರ್ಜಿಂಗ್ ನಿಲ್ಲಿಸುತ್ತದೆ. ನೆಲದ ಮೇಲೆ, ಹಲಗೆ ಹಾಕಿ, ನೆರಳಲ್ಲಿ ಇಡಿ. ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೇ 5 ಆಂಪ್ ಫ್ಯೂಸ್. ಉಪಕರಣದ ಹತ್ತಿರ ಹಾಕಿದರೆ ನಡುವಿನ ತಂತಿ ಉಜ್ಜಿ ಶಾರ್ಟ್ ಆದಾಗ ಫ್ಯೂಸ್‌ಗೆ ಗೊತ್ತೇ ಆಗದು, ತಂತಿ ಹೊತ್ತಿಕೊಳ್ಳುತ್ತದೆ.

ಕಂಬಕ್ಕೆ ಮೂರು ದಿಕ್ಕಿಗೆ ಹಗ್ಗ, ಗೂಟಗಳು ಕಂಬದ ಎತ್ತರದ ಅರ್ಧಕ್ಕಿಂತ ಹತ್ತಿರ ಬೇಡ. ಹಗ್ಗಕ್ಕೆ ಬಿಳಿ ಬಟ್ಟೆ ಕಟ್ಟಿ, ರಾತ್ರಿ ಓಡುವವರ ಕಾಲಿಗೆ ಸಿಗುವುದು ಅದೇ. ಹತ್ತಿರದಲ್ಲಿ ವಿದ್ಯುತ್ ತಂತಿ ಹಾದುಹೋಗಿದ್ದರೆ ಕಂಬದ ಒಂದೂವರೆ ಪಟ್ಟು ಎತ್ತರಕ್ಕಿಂತ ದೂರ ನಿಲ್ಲಿಸಿ. ಗುಡುಗು ಕೇಳಿಸಿದರೆ ಕಂಬ, ಕೇಬಲ್ ಮುಟ್ಟಬೇಡಿ, ದಿಬ್ಬಕ್ಕೆ ಯಾರನ್ನೂ ಕಳಿಸಬೇಡಿ, ಅಲ್ಲಿದ್ದವರನ್ನು ಇಳಿಸಿ. ಉಪಕರಣ ಹೋದರೆ ಹೋಗಲಿ.

ಬಯಲುನೋಟ

ಪ್ರತಿ ಕಡೆಗೆ 40 ಎಎಚ್‌ನ ಒಂದರ ಬದಲು 20 ಎಎಚ್‌ನ ಎರಡೆರಡು ಸಿಗುತ್ತಿವೆ. ಮೊದಲನೆಯದು ಮುಗಿಯುವ ಹೊತ್ತಿಗೆ ಎರಡನೆಯದನ್ನು ವೈ ಕೇಬಲ್‌ನಲ್ಲಿ (ಎರಡು ಬ್ಯಾಟರಿಯನ್ನು ಒಂದೇ ತಂತಿಗೆ ಕೂಡಿಸುವ ಕವಲು ಕೇಬಲ್) ಸೇರಿಸಿ, ಆಮೇಲೆ ಹಳೆಯದನ್ನು ಬಿಡಿಸಿದರೆ ರೂಟರ್ ಆಫ್ ಆಗದೆ ನಡೆಯುತ್ತದಲ್ಲವೇ?

ವ್ಯಾಟ್‌ಗಂಟೆ

ಬರೀ ವೈ ಕೇಬಲ್‌ನಲ್ಲಿ ಹಾಗೆ ಮಾಡಬೇಡಿ. ತುಂಬಿದ್ದರಿಂದ ಖಾಲಿಯಾದದ್ದಕ್ಕೆ ಹತ್ತಾರು ಆಂಪ್ ನುಗ್ಗಬಹುದು. ಫ್ಯೂಸ್ ಹಾರುತ್ತದೆ ಅಥವಾ ಬಿಎಂಎಸ್ ಬಾಗಿಲು ಹಾಕಿಕೊಳ್ಳುತ್ತದೆ, ಎರಡರಲ್ಲೂ ರೂಟರ್ ಆಫ್. ವೈ ಕೇಬಲ್‌ನ ಪ್ರತಿ ಪಾಸಿಟಿವ್ ಕಾಲಿಗೂ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ 5 ಆಂಪ್‌ನ ಶಾಟ್ಕಿ ಡಯೋಡ್ ಹಾಕಿ, ಬಿಳಿ ಪಟ್ಟಿ ಇರುವ ತುದಿ ರೂಟರ್ ಕಡೆಗೆ. ಆಗ ಒಂದರಿಂದ ಇನ್ನೊಂದಕ್ಕೆ ಹರಿಯುವುದಿಲ್ಲ, ವೋಲ್ಟೇಜ್ ಹೆಚ್ಚಿರುವುದು ಹೊರೆ ಹೊರುತ್ತದೆ. 0.4 ವೋಲ್ಟ್‌ನಷ್ಟು ಕಳೆಯುತ್ತದೆ, ಬಕ್-ಬೂಸ್ಟ್ ಇರುವುದರಿಂದ ಪರವಾಗಿಲ್ಲ. ಸೋಲಾರ್ ಇದ್ದರೆ ಅದನ್ನು ಡಯೋಡ್‌ನ ಬ್ಯಾಟರಿ ಕಡೆಗೆ ಸೇರಿಸಬೇಕು, ರೂಟರ್ ಕಡೆಗೆ ಸೇರಿಸಿದರೆ ಬ್ಯಾಟರಿ ಚಾರ್ಜ್ ಆಗುವುದೇ ಇಲ್ಲ.

ಅಷ್ಟೆಲ್ಲ ಬೇಡವೆಂದರೆ ರಾತ್ರಿ ಜನ ಕಡಿಮೆ ಇರುವ ಹೊತ್ತಿನಲ್ಲಿ ಕಿತ್ತು ಬದಲಿಸಿ. ಪ್ರಥಮ ಚಿಕಿತ್ಸೆಯವರಿಗೆ ಮೊದಲೇ ಹೇಳಿರಿ. ಎಲ್‌ಟಿಇ ರೂಟರ್ ಎದ್ದು ನಿಲ್ಲಲು ಎರಡು ನಿಮಿಷ. ಲಿಂಕ್ ರೇಡಿಯೋ ರೇಡಾರ್‌ನೊಂದಿಗೆ ಹಂಚಿಕೊಂಡ ಚಾನೆಲ್‌ನಲ್ಲಿದ್ದರೆ ಮಾತಾಡುವ ಮೊದಲು ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕಾಯುತ್ತದೆ. ಕೆಟ್ಟಿದೆ ಅಂದುಕೊಂಡು ಆ ಹೊತ್ತಿನಲ್ಲಿ ಮತ್ತೆ ಸ್ವಿಚ್ ಒತ್ತಿದರೆ ಆ 60 ಸೆಕೆಂಡ್ ಮೊದಲಿನಿಂದ ಶುರು.